ಬಂಡೆಯ ನಾಡಿಗೆ ಬರುವ ವಿದೇಶೀ ಅತಿಥಿಗಳು

ಕೈಲಾಂಚದ ಸುತ್ತಣ ಬಂಡೆಬೆಟ್ಟಗಳನ್ನು ನಾವು ದಿನವೂ ಕಾಣುತ್ತೇವೆ. ಅವುಗಳ ಶಿಲೆಗೆ ಸುಮಾರು 250 ಕೋಟಿ ವರ್ಷ. ರಾಮನಗರದ ಹಿಂದಿನ ಹೆಸರಿನಿಂದ ಅದು ‘ಕ್ಲೋಸ್‌ಪೇಟೆ ಗ್ರಾನೈಟ್’ ಎನಿಸಿದೆ. 1984ರಲ್ಲಿ ತೆರೆಕಂಡ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರಕ್ಕಾಗಿ ಡೇವಿಡ್ ಲೀನರು ಈ ಸೀಮೆಯ ಸಾವನದುರ್ಗವನ್ನು ಆರಿಸಿಕೊಂಡರು. ಅಂದು ವಿದೇಶೀಯರಿಗೆ ಬಂಡೆಯು ನೋಡುವ ವಸ್ತು. ಇಂದು ಬರುವ ಆರೋಹಿಗಳಿಗೆ ಅದು ಏರುವ ವಸ್ತು.

ಅವರನ್ನು ಜಾರದಂತೆ ಹಿಡಿಯುವುದು ಒರಟು ಶಿಲೆಗೂ ಪಾದರಕ್ಷೆಯ ರಬ್ಬರಿಗೂ ನಡುವಣ ಘರ್ಷಣೆ. ಇಳಿಜಾರು ಕಡಿದಾದಂತೆ ಬಂಡೆಯನ್ನೊತ್ತುವ ಬಲ ಕುಗ್ಗುತ್ತದೆ, ಕೆಳಕ್ಕೆಳೆಯುವ ಬಲ ಹೆಚ್ಚುತ್ತದೆ. ಘರ್ಷಣೆಯೊಂದೇ ಸಾಲದಂಥ ಕಡಿದಾದ ಗೋಡೆಗಳಲ್ಲಿಯೇ ಉದ್ದಕೊಕ್ಕಿನ ರಣಹದ್ದು ಗೂಡು ಕಟ್ಟಿ, ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತದೆ. ಅದರ ರಕ್ಷಣೆಗೆಂದು 2012ರಲ್ಲಿ ರಾಮದೇವರ ಬೆಟ್ಟವು ರಣಹದ್ದುಗಳ ಅಭಯಧಾಮವಾಯಿತು. ಆ ಗೋಡೆಗಳನ್ನು ಹಕ್ಕಿಗೆ ಬಿಟ್ಟು, ಅತಿಥಿಗಳಿಗೆ ಬೇರೆ ಬಂಡೆಗಳನ್ನು ತೋರಿಸುವುದೇ ನಮಗೊಪ್ಪುವ ಆತಿಥ್ಯ.