ಚಳಿಗಾಲದಲ್ಲಿ ಇಂಜಿನ್ ಬಿಸಿಯೇ ಆಗ್ತಿಲ್ವಾ? ಕಾರಣ ಹೀಗೆ ಪತ್ತೆ ಮಾಡಿ

ಪ್ರತಿ ವಾರ ಬೆಳೆ, ಗೊಬ್ಬರ, ಕೀಟದ ಬಗ್ಗೆ ಮಾತಾಡ್ತೀವಿ. ಈ ವಾರ ಆ ಬೆಳೆಯನ್ನ ಮಾರುಕಟ್ಟೆಗೆ ಹೊತ್ತೊಯ್ಯೋ ಗಾಡಿಯ ವಿಷಯ. ಕಾರು ಆಗಿರಲಿ, ಪಿಕಪ್ ಆಗಿರಲಿ, ಲೆಕ್ಕ ಒಂದೇ.

ಡಿಸೆಂಬರ್, ಜನವರಿಯಲ್ಲಿ ಗೊರವನಹಳ್ಳಿ, ತೀತಾ, ಕೊರಟಗೆರೆ ಸುತ್ತಮುತ್ತ ಬೆಳಗಿನ ಜಾವ ಸುಮಾರು 15 ಡಿಗ್ರಿ ಚಳಿ ಇರುತ್ತೆ. ನಾಲ್ಕು ಗಂಟೆಗೆ ಹೂವು, ತರಕಾರಿ ತುಂಬಿಕೊಂಡು ತುಮಕೂರಿಗೆ ಹೊರಟ ಗಾಡಿಯಲ್ಲಿ ಟೆಂಪರೇಚರ್ ಮುಳ್ಳು ಕೊನೆವರೆಗೂ ಕೆಳಗೇ ಮಲಗಿದ್ರೆ, ನಮ್ಮಲ್ಲಿ ಹೆಚ್ಚಿನವರು "ಇಂಜಿನ್ ತಂಪಾಗಿದೆ, ಒಳ್ಳೇದೇ ಬಿಡು" ಅಂತ ಸುಮ್ಮನಾಗ್ತಾರೆ. ಮಧುಗಿರಿ, ಶಿರಾ, ಪಾವಗಡದ ಬೇಸಿಗೆ ನೋಡಿದೋರಿಗೆ ರೇಡಿಯೇಟರ್ ಕುದಿಯೋ ಭಯ ಗೊತ್ತೇ ಹೊರತು ತಣ್ಣಗಿರೋ ಭಯ ಗೊತ್ತಿಲ್ಲ. ಆದರೆ ಬಿಸಿ ಏರದ ಇಂಜಿನ್ ಕೂಡ ಕಾಯಿಲೆ ಬಿದ್ದ ಇಂಜಿನ್ನೇ.

ತಣ್ಣಗಿದ್ದರೆ ನಷ್ಟ ಏನು?

ನೀರಿನಿಂದ ತಂಪಾಗೋ ಬಹುತೇಕ ಇಂಜಿನ್‌ಗಳು 85ರಿಂದ 95 ಡಿಗ್ರಿಯಲ್ಲಿ ಚೆನ್ನಾಗಿ ಕೆಲಸ ಮಾಡ್ತವೆ. 55–60 ಡಿಗ್ರಿಯಲ್ಲೇ ಓಡ್ತಿದ್ರೆ ಹೀಗಾಗುತ್ತೆ:

- ಇಂಜಿನ್ ಇನ್ನೂ ತಣ್ಣಗಿದೆ ಅಂತ ಕಂಪ್ಯೂಟರ್ ಹೆಚ್ಚು ಇಂಧನ ಸುರಿಯುತ್ತೆ. ಮೈಲೇಜ್ ಇಳಿಯುತ್ತೆ.
- ಪೂರ್ತಿ ಉರಿಯದ ಇಂಧನ ಸಿಲಿಂಡರ್ ಗೋಡೆ ಮೇಲಿಂದ ಜಾರಿ ಇಂಜಿನ್ ಆಯಿಲ್‌ಗೆ ಸೇರಿ ಆಯಿಲ್ ತೆಳುವಾಗುತ್ತೆ. ಒಳಗಿನ ತೇವ ಆವಿಯಾಗದೆ ಉಳಿದು ಆಯಿಲ್ ಕೆಸರಾಗುತ್ತೆ. ಪಿಸ್ಟನ್ ರಿಂಗ್, ಬೇರಿಂಗ್ ಬೇಗ ಸವೆಯುತ್ತೆ.
- 2020ರ ಏಪ್ರಿಲ್ ನಂತರ ಬಂದ ಬಿಎಸ್‌6 ಡೀಸೆಲ್ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಮಸಿ ಹಿಡಿಯೋ ಡಿಪಿಎಫ್ ಫಿಲ್ಟರ್ ಇದೆ. ಇಂಜಿನ್ ಸರಿಯಾಗಿ ಬಿಸಿಯಾಗದಿದ್ರೆ ಆ ಮಸಿಯನ್ನ ಸುಡೋ ಕೆಲಸ ಶುರುವಾಗಲ್ಲ. ಫಿಲ್ಟರ್ ಕಟ್ಟಿಕೊಂಡು ಬದಲಿಸಬೇಕಾಗಿ ಬಂದ್ರೆ ಖರ್ಚು ಹತ್ತಾರು ಸಾವಿರ. ಗಾಡಿ ಸಾಲದ ಕಂತು ಕಟ್ಟುತ್ತಿರೋರಿಗೆ ಇದು ದೊಡ್ಡ ಹೊಡೆತ.

ಮುಚ್ಚದ ತೂಬು

ಇಂಜಿನ್‌ಗೂ ರೇಡಿಯೇಟರ್‌ಗೂ ನಡುವೆ ಥರ್ಮೋಸ್ಟಾಟ್ ಅನ್ನೋ ಸಣ್ಣ ವಾಲ್ವ್ ಇರುತ್ತೆ. ಕೆರೆಗೆ ತೂಬು ಇದ್ದ ಹಾಗೆ. ಒಳಗೆ ಮೇಣ ತುಂಬಿದ ಪುಟ್ಟ ಬುಡ್ಡಿ ಇದೆ. ನೀರು ಸುಮಾರು 82–88 ಡಿಗ್ರಿ ಮುಟ್ಟಿದಾಗ ಮೇಣ ಕರಗಿ ಹಿಗ್ಗಿ ವಾಲ್ವ್ ತೆರೆಯುತ್ತೆ. ಆಗ ಮಾತ್ರ ನೀರು ರೇಡಿಯೇಟರ್‌ಗೆ ಹೋಗುತ್ತೆ. ಈ ವಾಲ್ವ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡ್ರೆ, ತೂಬು ಮುಚ್ಚದ ಕೆರೆ ತುಂಬದ ಹಾಗೆ ಇಂಜಿನ್ನಿಗೂ ಬಿಸಿ ಏರಲ್ಲ.

ನಮ್ಮ ಕಡೆ ಇನ್ನೊಂದು ಕಾರಣ ಇದೆ. ಬೇಸಿಗೆಯಲ್ಲಿ ಗಾಡಿ ಕುದಿಯಿತು ಅಂತ ಗ್ಯಾರೇಜಿಗೆ ಒಯ್ದಾಗ ಕೆಲವರು "ವಾಲ್ ತೆಗೆದುಬಿಡೋಣ, ತಂಪಾಗಿರುತ್ತೆ" ಅಂತ ಥರ್ಮೋಸ್ಟಾಟನ್ನೇ ಕಿತ್ತು ಹಾಕ್ತಾರೆ. ಹಳೇ ಗಾಡಿ ಕೊಂಡೋರಿಗಂತೂ ಅದು ಇಲ್ಲ ಅನ್ನೋದೇ ಗೊತ್ತಿರಲ್ಲ. ಕೆಲವು ಇಂಜಿನ್‌ಗಳಲ್ಲಿ ಈ ವಾಲ್ವ್ ಬೈಪಾಸ್ ದಾರಿಯನ್ನೂ ಮುಚ್ಚಬೇಕು. ಅಂಥವಕ್ಕೆ ವಾಲ್ವ್ ಕಿತ್ತರೆ ಬಿಸಿ ನೀರು ರೇಡಿಯೇಟರ್ ಮುಟ್ಟದೇ ಸುತ್ತಿ, ಬೇಸಿಗೆಯಲ್ಲಿ ಮತ್ತೆ ಕುದಿಯುತ್ತೆ.

ಪತ್ತೆ ಮಾಡೋ ಕ್ರಮ

ಎಲೆ ಹಳದಿಯಾಯ್ತು ಅಂತ ಕೂಡಲೇ ಯೂರಿಯಾ ಹಾಕೋದು ತಪ್ಪು ಅಂತ ನಮಗೆಲ್ಲ ಗೊತ್ತು. ನೀರು ಹೆಚ್ಚಾಯ್ತಾ, ಬೇರು ಕೊಳೀತಾ ಅಂತ ಮೊದಲು ನೋಡ್ತೀವಿ. ಇಲ್ಲೂ ಅಷ್ಟೇ, ಬಿಡಿಭಾಗ ಕೊಳ್ಳೋ ಮೊದಲು ಈ ಕ್ರಮದಲ್ಲಿ ನೋಡಿ.

1. ಓಡಿಸಿದ ದೂರ ಸಾಕಾ? ಡೈರಿಗೆ ಹಾಲು ಹಾಕಿ ಬರೋ ಎರಡು ಕಿಲೋಮೀಟರ್‌ಗೆ ಯಾವ ಇಂಜಿನ್ನೂ ಪೂರ್ತಿ ಬಿಸಿಯಾಗಲ್ಲ. ಅದು ದೋಷ ಅಲ್ಲ. 15–20 ನಿಮಿಷ ಬಿಡದೆ ಓಡಿಸಿದ ಮೇಲೂ ಮುಳ್ಳು ಮೇಲೇಳದಿದ್ರೆ, ಅಥವಾ ಮೀಟರ್ ಇಲ್ಲದ ಕಾರುಗಳಲ್ಲಿ ನೀಲಿ ದೀಪ ಆರದಿದ್ರೆ ಮುಂದಿನ ಹೆಜ್ಜೆಗೆ ಬನ್ನಿ.

2. ಕೂಲೆಂಟ್ ಮಟ್ಟ ನೋಡಿ. ಇದನ್ನ ಬೆಳಿಗ್ಗೆ, ಇಂಜಿನ್ ಪೂರ್ತಿ ತಣ್ಣಗಿದ್ದಾಗಲೇ ನೋಡಿ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೆದ್ರೆ ಕುದಿ ನೀರು ಮುಖಕ್ಕೇ ಚಿಮ್ಮುತ್ತೆ. ಕೂಲೆಂಟ್ ಕಮ್ಮಿ ಇದ್ರೆ ಸೆನ್ಸರ್ ನೀರಿನ ಬದಲು ಗಾಳಿಯಲ್ಲಿ ಕೂತು "ತಣ್ಣಗಿದೆ" ಅಂತ ಸುಳ್ಳು ಹೇಳಬಹುದು. ಒಳಗೆ ಇಂಜಿನ್ ಬೇಯುತ್ತಾ ಇರುತ್ತೆ! ಹಾಗಾಗಿ ಈ ಹೆಜ್ಜೆ ಬಿಡಲೇಬೇಡಿ.

3. ಫೋನ್ ಬಳಸಿ. ಈಚಿನ ಕಾರುಗಳಲ್ಲಿ ಸ್ಟೇರಿಂಗ್ ಕೆಳಗೆ ಒಬಿಡಿ ಪೋರ್ಟ್ ಇರುತ್ತೆ. ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ ಆ್ಯಪ್ ತೆರೆದ್ರೆ ಕೂಲೆಂಟ್ ಎಷ್ಟು ಡಿಗ್ರಿ ಅಂತ ನೇರವಾಗಿ ಕಾಣುತ್ತೆ. ನಾಲ್ಕೈದು ಜನ ಸೇರಿ ಒಂದು ಕೊಂಡ್ರೂ ಸಾಕು.
- ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ, ಸ್ಟಾರ್ಟ್ ಮಾಡೋ ಮೊದಲು ಕೂಲೆಂಟ್ ಮತ್ತು ಒಳಗೆ ಹೋಗೋ ಗಾಳಿಯ ಡಿಗ್ರಿ ಹೆಚ್ಚು ಕಮ್ಮಿ ಒಂದೇ ಇರಬೇಕು. ದೊಡ್ಡ ವ್ಯತ್ಯಾಸ ಇದ್ರೆ ಸೆನ್ಸರ್ ಮೇಲೆ ಅನುಮಾನ ಪಡಿ. ಮೈನಸ್ 40 ತೋರಿಸಿದ್ರೆ ಸೆನ್ಸರ್ ವೈರ್ ಕಿತ್ತಿರೋ ಸಾಧ್ಯತೆ ಹೆಚ್ಚು.
- ಆಮೇಲೆ ಓಡಿಸಿ ನೋಡಿ. ಫೋನ್ ಪಕ್ಕದಲ್ಲಿ ಕೂತವರ ಕೈಲಿರಲಿ. ನಿಂತಾಗ ಅಥವಾ ಏರು ಹತ್ತುವಾಗ 80ರ ಹತ್ತಿರ ಬಂದು, ಶಿರಾ–ತುಮಕೂರು ಹೆದ್ದಾರಿಯಲ್ಲಿ ವೇಗ ಹಿಡಿದ ಕೂಡಲೇ 60ಕ್ಕೆ ಇಳಿದ್ರೆ ಥರ್ಮೋಸ್ಟಾಟ್ ತೆರೆದೇ ಇದೆ ಅಂತ ಅರ್ಥ.
- ಪಿ 0128 ಕೋಡ್ ಬಂದ್ರೆ "ಇಂಜಿನ್ ಬೇಕಾದಷ್ಟು ಬಿಸಿಯಾಗ್ತಿಲ್ಲ" ಅಂತ ಗಾಡಿಯೇ ಹೇಳ್ತಿದೆ. ಪಿ 0117, ಪಿ 0118 ಬಂದ್ರೆ ಸೆನ್ಸರ್ ಅಥವಾ ಅದರ ವೈರಿಂಗ್ ನೋಡಿಸಿ.

4. ಹೋಸ್ ಪೈಪ್ ಮುಟ್ಟಿ ನೋಡಿ. ಹಳೇ ಗಾಡಿಗೆ, ಟ್ರ್ಯಾಕ್ಟರ್‌ಗೆ ಸ್ಕ್ಯಾನರ್ ಆಗಲ್ಲ, ಕೈಯೇ ಮೀಟರ್. ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಿ, ರೇಡಿಯೇಟರ್‌ನ ಮೇಲಿನ ಪೈಪನ್ನ ಆಗಾಗ ಮುಟ್ಟಿ ನೋಡಿ. ವಾಲ್ವ್ ಸರಿ ಇದ್ರೆ ಪೈಪ್ ಬಹಳ ಹೊತ್ತು ತಣ್ಣಗಿದ್ದು, ಆಮೇಲೆ ಒಮ್ಮೆಲೇ ಬಿಸಿಯಾಗುತ್ತೆ. ಶುರುವಿನಿಂದಲೇ ನಿಧಾನಕ್ಕೆ ಬೆಚ್ಚಗಾಗ್ತಾ ಹೋದ್ರೆ ವಾಲ್ವ್ ತೆರೆದಿದೆ, ಇಲ್ಲಾ ಇಲ್ಲವೇ ಇಲ್ಲ. ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಕೆಳಗಿನ ಪೈಪಿನ ಕಡೆ ಇರುತ್ತೆ. ಅಂಥವುಗಳಲ್ಲಿ ಆ ಪೈಪ್ ನೋಡಿ. ಶಾಲು, ಟವೆಲ್ ತೆಗೆದಿಡಿ. ಬೆಲ್ಟ್ ಸುತ್ತುತ್ತಿರುತ್ತೆ, ಫ್ಯಾನ್ ಯಾವಾಗ ಬೇಕಾದ್ರೂ ತಿರುಗಬಹುದು.

5. ಫ್ಯಾನ್ ಸದಾ ಓಡ್ತಿದೆಯಾ? ಕರೆಂಟ್ ಫ್ಯಾನ್ ಇದ್ರೆ, ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಎಸಿ ಹಾಕದೇ ಅದು ತಿರುಗಬಾರದು. ತಿರುಗಿದ್ರೆ ರಿಲೇ ಅಂಟಿಕೊಂಡಿರಬಹುದು, ಸೆನ್ಸರ್ ಕೆಟ್ಟಿರಬಹುದು, ಅಥವಾ ಯಾರೋ ಬೇಸಿಗೆಯಲ್ಲಿ "ಡೈರೆಕ್ಟ್" ವೈರ್ ಕೊಟ್ಟಿರಬಹುದು.

ಪಾತ್ರೆ ಪರೀಕ್ಷೆ

ಮೆಕ್ಯಾನಿಕ್ ಥರ್ಮೋಸ್ಟಾಟ್ ಬಿಚ್ಚಿದ್ರೆ ಎಸೆಯೋಕೆ ಬಿಡಬೇಡಿ. ಅದರ ಮೇಲೆ ಸಾಮಾನ್ಯವಾಗಿ 82 ಅಥವಾ 88 ಅಂತ ತೆರೆಯೋ ಡಿಗ್ರಿ ಕೊರೆದಿರುತ್ತೆ. ಅಡುಗೆಗೆ ಬಳಸದ ಹಳೇ ಪಾತ್ರೆಯಲ್ಲಿ ನೀರಿಟ್ಟು, ವಾಲ್ವನ್ನ ತಳ ಮುಟ್ಟದ ಹಾಗೆ ತಂತಿಯಲ್ಲಿ ಇಳಿಬಿಟ್ಟು ಕಾಯಿಸಿ. ತಣ್ಣೀರಲ್ಲಿ ಪೂರ್ತಿ ಮುಚ್ಚಿರಬೇಕು, ಕೊರೆದ ಡಿಗ್ರಿ ಹತ್ತಿರ ತೆರೆಯಲು ಶುರುವಾಗಬೇಕು. ನಮ್ಮ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ, ಈ ಪರೀಕ್ಷೆಗೆ ಅಷ್ಟು ಸಾಕು. ತಣ್ಣಗಿದ್ದಾಗಲೇ ಬಾಯಿ ತೆರೆದಿದ್ರೆ ಬದಲಿಸಿ.

ಮಾಡಬೇಕಾದ್ದು, ಮಾಡಬಾರದ್ದು

- ನಿಮ್ಮ ಇಂಜಿನ್‌ಗೆ ಹೇಳಿದ ಡಿಗ್ರಿಯ ಥರ್ಮೋಸ್ಟಾಟೇ ಹಾಕಿಸಿ, ಜೊತೆಗೆ ಹೊಸ ಗ್ಯಾಸ್ಕೆಟ್. ಸಾಮಾನ್ಯ ಗಾಡಿಗಳಿಗೆ ಇದರ ಬೆಲೆ ಕೆಲವು ನೂರು ರೂಪಾಯಿಯಿಂದ ಶುರುವಾಗುತ್ತೆ.
- ಬೋರ್‌ವೆಲ್ ನೀರು ತುಂಬಿಸಬೇಡಿ. ನಮ್ಮ ಗಡಸು ನೀರಿನ ಉಪ್ಪು ಒಳಗೆ ಕಟ್ಟಿಕೊಳ್ಳುತ್ತೆ, ಹೊಸ ವಾಲ್ವೂ ಸಿಕ್ಕಿಕೊಳ್ಳುತ್ತೆ. ಡಿಸ್ಟಿಲ್ಡ್ ವಾಟರ್, ಕೂಲೆಂಟ್ ಬಳಸಿ, ಒಳಗಿನ ಗಾಳಿ ತೆಗೆಸಿ.
- ಬಹಳ ದಿನ ತಣ್ಣಗೇ ಓಡಿದ್ರೆ ಡಿಪ್‌ಸ್ಟಿಕ್ ನೋಡಿ. ಆಯಿಲ್ ಮಟ್ಟ ಏರಿದ್ರೆ, ಡೀಸೆಲ್ ಇಲ್ಲವೇ ಪೆಟ್ರೋಲ್ ವಾಸನೆ ಬಂದ್ರೆ ಆಯಿಲ್ ಬದಲಿಸಿ.
- ರೇಡಿಯೇಟರ್ ಮುಂದೆ ರಟ್ಟು ಕಟ್ಟಬೇಡಿ. ಬೆಳಗಿನ ಚಳಿ ಮಧ್ಯಾಹ್ನಕ್ಕೆ 28 ಡಿಗ್ರಿ ಬಿಸಿಲಾಗುತ್ತೆ. ರಟ್ಟು ಮರೆತ್ರೆ ಇಂಜಿನ್ ಕುದಿಯುತ್ತೆ.

ಬೇಸಿಗೆಯಲ್ಲಿ ಯಾರಾದ್ರೂ "ವಾಲ್ ತೆಗೆಯೋಣ" ಅಂದ್ರೆ ಒಪ್ಪಬೇಡಿ. ಕುದಿಯೋಕೆ ಕಾರಣ ಕಟ್ಟಿಕೊಂಡ ರೇಡಿಯೇಟರ್ರೋ, ಫ್ಯಾನೋ, ವಾಟರ್ ಪಂಪೋ ಕೇಳಿ, ಅದನ್ನೇ ಸರಿ ಮಾಡಿಸಿ. ನಾಳೆ ಬೆಳಿಗ್ಗೆ ಗಾಡಿ ತೆಗೆದಾಗ ಒಂದು ಕೆಲಸ ಮಾಡಿ: ಮುಳ್ಳು ಮಾಮೂಲಿ ಜಾಗಕ್ಕೆ ಬರೋಕೆ ಎಷ್ಟು ನಿಮಿಷ ಹಿಡೀತು ಅಂತ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಮೆಕ್ಯಾನಿಕ್ ಮುಂದೆ ನಿಂತಾಗ ಆ ಲೆಕ್ಕ ನಿಮ್ಮ ಕೈಯಲ್ಲಿರಲಿ.