ಬಡಾವಣೆಯ ಸಾಮೂಹಿಕ ಕೈತೋಟ: ರೈತರಿಗೆ ಪೈಪೋಟಿನಾ, ಗಿರಾಕಿನಾ?

ಪೇಟೆಯವರೇ ತರಕಾರಿ ಬೆಳ್ಕೊಂಡ್ರೆ ನಮ್ಮದನ್ನ ಯಾರು ಕೊಳ್ತಾರೆ? ಬಡಾವಣೆಯ ಕೈತೋಟ ಅಂದ ಕೂಡಲೇ ರೈತರಿಗೆ ಬರೋ ಅನುಮಾನ ಇದು. ಲೆಕ್ಕ ಹಾಕಿ ನೋಡೋಣ.

ಒಂದು ಗುಂಟೆ ಎಷ್ಟು ಕೊಡುತ್ತೆ?

ಶಿವಮೊಗ್ಗದ ವಿದ್ಯಾನಗರದಂಥ ಬಡಾವಣೆಯಲ್ಲಿ 20 ಮನೆಯವರು ಸೇರಿ ಒಂದು ಗುಂಟೆಯಲ್ಲಿ ತೋಟ ಮಾಡ್ತಾರೆ ಅಂತ ಇಟ್ಕೊಳ್ಳಿ. ಗುಂಟೆ ಅಂದ್ರೆ 1,089 ಚದರ ಅಡಿ, ಸುಮಾರು 100 ಚದರ ಮೀಟರ್. ಓಡಾಡೋ ದಾರಿ, ಗೊಬ್ಬರದ ಗುಂಡಿ, ಕೂರೋ ಕಟ್ಟೆ ಕಳೆದರೆ ಮಡಿಗೆ ಉಳಿಯೋದು 60 ಚದರ ಮೀಟರ್. ಹರಿವೆ 25–30 ದಿನಕ್ಕೆ ಕೊಯ್ಲಿಗೆ ಬರುತ್ತೆ, ಚದರ ಮೀಟರಿಗೆ ಒಂದು ಕೆ.ಜಿ. ಆಸುಪಾಸು. ಪೂರ್ತಿ ಸೊಪ್ಪೇ ಹಾಕಿದರೂ ತಿಂಗಳಿಗೆ 60 ಕೆ.ಜಿ., ಅಂದ್ರೆ ಮನೆಗೆ 3 ಕೆ.ಜಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಪ್ರಕಾರ ಒಬ್ಬರಿಗೆ ದಿನಕ್ಕೆ ಸೊಪ್ಪು, ತರಕಾರಿ ಸೇರಿ 400 ಗ್ರಾಂ ಬೇಕು. ನಾಲ್ಕು ಜನರ ಮನೆಗೆ ತಿಂಗಳಿಗೆ 48 ಕೆ.ಜಿ. ಅದರಲ್ಲಿ 45 ಕೆ.ಜಿ.ಯನ್ನ ಅವರು ಕೊಂಡೇ ತಿನ್ನಬೇಕು. ನಿಮ್ಮ ಮಾರುಕಟ್ಟೆ ಎಲ್ಲಿಗೂ ಹೋಗಲ್ಲ.

ಅಲ್ಲಿ ಏನು ಬೆಳೆದರೆ ಲಾಭ?

ಬೇಗ ಬಾಡೋವು, ದಿನಾ ಸ್ವಲ್ಪ ಸ್ವಲ್ಪ ಬೇಕಾಗೋವು: ಹರಿವೆ, ಬಸಳೆ, ಕರಿಬೇವು, ಹಸಿಮೆಣಸು, ಬೇಲಿ ಮೇಲೆ ತೊಂಡೆ. ಈರುಳ್ಳಿ, ಆಲೂಗಡ್ಡೆಗೆ ಅಷ್ಟು ಜಾಗ ಕೊಡೋದು ದಂಡ. ನಮ್ಮ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಜಾಸ್ತಿ. ಆಗ ಕೊತ್ತಂಬರಿ ಕೊಳೆಯುತ್ತೆ, ಕೆಸು ಮತ್ತು ಬಸಳೆ ಚೆನ್ನಾಗಿ ಬರುತ್ತೆ. ಮಡಿ ಒಂದು ಅಡಿ ಎತ್ತರ ಇರಲಿ. ಖಾಲಿ ಸೈಟಲ್ಲಿ ಕಟ್ಟಡದ ಕಲ್ಲು, ಸಿಮೆಂಟು ಹೂತಿರುತ್ತೆ, ತೆಗೆದು ಕೆಂಪು ಮಣ್ಣು, ಗೊಬ್ಬರ ಹಾಕಬೇಕು.

ತೋಟ ಹಾಳಾಗೋದು ಎಲ್ಲಿ?

ಹುಳಕ್ಕಿಂತ ಜಗಳಕ್ಕೇ ಹೆಚ್ಚು ಹಾಳಾಗುತ್ತೆ. ಏಪ್ರಿಲ್ ಬಿಸಿಲಲ್ಲಿ ನೀರು ಹಾಕೋರು ಯಾರು? ಕೇಳದೆ ಕಿತ್ಕೊಂಡು ಹೋದೋರು ಯಾರು? ಹಾಗಾಗಿ ಬೀಜಕ್ಕಿಂತ ಮೊದಲು ಮೂರು ವಿಷಯ ಆಗಲಿ:

1. ಜಾಗದ ಮಾಲೀಕರ ಅಥವಾ ಪಾಲಿಕೆಯ ಅನುಮತಿ ಬರಹದಲ್ಲಿ.
2. ನೀರಿಗೆ ಮನೆವಾರು ಪಾಳಿ.
3. ವಾರಕ್ಕೊಂದು ಕೊಯ್ಲಿನ ದಿನ, ಎಲ್ಲರೂ ಸೇರಿ ಹಂಚಿಕೆ.

ಈ ಮೂರನೆಯದ್ದೇ ತೋಟವನ್ನ ಉಳಿಸೋದು. ಅಕ್ಕಪಕ್ಕದಲ್ಲಿದ್ದೂ ಮಾತಾಡದ ಮನೆಯವರು ಕಟ್ಟೆ ಮೇಲೆ ಕೂತು ಸೊಪ್ಪು ಬಿಡಿಸ್ತಾ ಮಾತಿಗಿಳಿತಾರೆ.

ನಿಮಗೇನು ಕೆಲಸ?

ಬೆಂಗಳೂರಲ್ಲಿ ತಾರಸಿ ತೋಟದವರು 2011ರಿಂದ ‘ಊಟ ಫ್ರಮ್ ಯುವರ್ ತೋಟ’ ಅನ್ನೋ ಮೇಳ ನಡೆಸ್ತಾ ಬಂದಿದ್ದಾರೆ. ಅಂಥ ಮೇಳಕ್ಕೆ ಬರೋ ಜನ ಬೀಜ, ಸಸಿ, ಗೊಬ್ಬರ ಕೊಳ್ತಾರೆ. ಇಲ್ಲೂ ಅದೇ ದಾರಿ. ಟ್ರೇನಲ್ಲಿ ಬೆಳೆಸಿದ ಮೆಣಸು, ಬದನೆ ಸಸಿ ಕೊಡಿ, ಎರೆಗೊಬ್ಬರ ಕೊಡಿ. ಉಳಿದ 45 ಕೆ.ಜಿ.ಗೆ ವಾರದ ಬುಟ್ಟಿ ಕೊಯ್ಲಿನ ದಿನವೇ ತಂದು ಕೊಡಿ, ಒಂದೇ ಸುತ್ತಲ್ಲಿ 20 ಮನೆ ಮುಗಿಯುತ್ತೆ.

ಇನ್ನೊಂದು ಲಾಭ ಇದೆ. ತಾನೇ ಬೆಳೆದು ಹುಳದ ಕಾಟ ಕಂಡೋರು, ನಿಮ್ಮ ಸಾವಯವ ಸೊಪ್ಪಿನ ಎಲೆಯಲ್ಲಿ ತೂತಿದೆ ಅಂತ ಚೌಕಾಸಿ ಮಾಡೋದು ಕಡಿಮೆ. ಪೇಟೆಯಲ್ಲಿ ನಿಮ್ಮ ನೆಂಟರು ಯಾರಾದ್ರೂ ಇದ್ರೆ, ಅವರ ಬೀದಿಯ ವಾಟ್ಸಾಪ್ ಗುಂಪಿಗೆ ಮೇಲಿನ ಮೂರು ವಿಷಯ ಕಳಿಸಿ, ಮೊದಲ ಮಡಿಗೆ ಸಸಿ ನಿಮ್ಮದೇ ಅಂತ ಹೇಳಿ.