ಮಾಗಡಿ ರಸ್ತೆಯ ಸೊಗಡು

ನನ್ನ ಸಹೋದ್ಯೋಗಿ ಮಿತ್ರರೊಬ್ಬರು ಬೇಸಗೆಯ ರಜೆಯಲ್ಲಿ ಥಾಯ್‌ಲೆಂಡನ್ನು ನೋಡಿ ಬಂದರು. ಅಂದಿನಿಂದ ಬ್ಯಾಂಕಾಕಿನ ಬೀದಿಗಳ ಗುಣಗಾನ ನಿಂತಿಲ್ಲ. ಯಾವೊರಾತ್ ಎಂಬ ಚೀನೀ ಪೇಟೆಯ ಇರುಳಿನ ಸಡಗರ. ಹಸಿ ಪರಂಗಿಕಾಯಿಯ ಎಳೆಗಳನ್ನು ಮೆಣಸಿನಕಾಯಿ, ನಿಂಬೆರಸ, ಕಡಲೆಕಾಯಿ ಬೀಜದೊಡನೆ ಒರಳಿನಲ್ಲಿ ಕುಟ್ಟಿ ಕೊಡುವ 'ಸೋಂ ತಮ್' ಎಂಬ ತಿನಿಸು. ವರ್ಣನೆ ಕೇಳಿ ಅಧ್ಯಾಪಕರ ಕೊಠಡಿಯಲ್ಲಿ ಎಲ್ಲರ ಬಾಯಲ್ಲೂ ನೀರೂರುತ್ತಿತ್ತು. "ನಮ್ಮಲ್ಲಿ ಅಂಥದೇನಿದೆ, ಹೇಳಿ?" ಎಂದು ಅವರೊಮ್ಮೆ ಕೇಳಿಯೇಬಿಟ್ಟರು. ಪುಷ್ಯಮಾಸ ಬರಲಿ ಎಂದೆ.

ಬಂದಿತು. ಒಂದು ಸಂಜೆ ಅವರನ್ನು ಕಾಮಾಕ್ಷಿಪಾಳ್ಯಕ್ಕೆ ಕರೆದೊಯ್ದೆ.

ಕಾಮಾಕ್ಷಿಪಾಳ್ಯವನ್ನು ನೋಡತಕ್ಕ ಸ್ಥಳವೆಂದು ಯಾರೂ ಹೇಳರು. ಲೇತ್ ಯಂತ್ರಗಳ ಕರ್ಕಶ ಸದ್ದು, ಕಾದ ಕಬ್ಬಿಣದ ವಾಸನೆ, ಮಾಗಡಿ ರಸ್ತೆಯಲ್ಲಿ ಮುಗಿಯದ ವಾಹನಗಳ ಸಾಲು. ಆದರೆ ಕಾರ್ಖಾನೆಗಳು ಬಿಡುವ ಹೊತ್ತಿಗೆ ತಳ್ಳುಗಾಡಿಗಳ ಒಲೆಗಳು ಹೊತ್ತಿಕೊಂಡವೆಂದರೆ ಬೀದಿಯ ಮುಖವೇ ಬೇರೆ. ಕೈಯ ಗ್ರೀಸು ಇನ್ನೂ ಆರದ ಹುಡುಗರು ಮೆಣಸಿನಕಾಯಿ ಬಜ್ಜಿಯ ಬಾಣಲೆಯನ್ನು ಮುತ್ತುತ್ತಾರೆ. ಬಡಗಣ ಸೀಮೆಯಿಂದ ಬಂದವರಿಗೆ ಅದರೊಡನೆ ಮಂಡಕ್ಕಿಯೂ ಬೇಕು. ಮಸಾಲೆ ಪುರಿಯ ಗಾಡಿಯ ಮುಂದೆ ಹೆಂಗಸರು, ಮಕ್ಕಳು. ಮಿತ್ರರು ಮೂರು ಗಾಡಿಗಳಲ್ಲಿ ನಿಂತರು. ನಾಲ್ಕನೆಯದರಲ್ಲಿ ನಾನೇ ತಡೆದೆ. ಹೊಟ್ಟೆಯಲ್ಲಿ ಜಾಗ ಉಳಿಯಬೇಕಿತ್ತಲ್ಲ!

ಈ ರಸ್ತೆ ಪಡುವಣಕ್ಕೆ ಸಾಗಿ ಸೇರುವುದು ಮಾಗಡಿಯನ್ನು, ಅವರೆಗೆ ಹೆಸರಾದ ಸೀಮೆಯನ್ನು. ಚಳಿಗಾಲದ ಇಬ್ಬನಿ ಬಿದ್ದ ಅವರೆಕಾಯಿಯ ಸಿಪ್ಪೆಯಲ್ಲಿ ಒಂದು ಜಿಗುಟು, ಒಂದು ಘಮ. ಅದಕ್ಕೆ ಸೊಗಡೆಂಬ ಹೆಸರನ್ನು ಇಟ್ಟ ನಮ್ಮ ಹಿರಿಯರ ಮೂಗಿಗೆ ನಮಸ್ಕಾರ! ವಿಶ್ವೇಶ್ವರಪುರದ ತಿಂಡಿಬೀದಿಯಲ್ಲಿ ಹೆಸರಾದ ಅವರೆ ಮೇಳದಲ್ಲಿ ಅವರೆಯ ಜಿಲೇಬಿ ಕೂಡ ದೊರೆಯುವುದುಂಟು. ನನಗೆ ಅಷ್ಟು ಧೈರ್ಯವಿಲ್ಲ.

ಅಡ್ಡರಸ್ತೆಯೊಂದರ ಮೂಲೆಯಲ್ಲಿ ಗೋಣಿಯ ಮೇಲೆ ಅವರೆಕಾಯಿಯ ರಾಶಿ. ಹಿಂದೆ ಮುದುಕಿಯೊಬ್ಬಳು ನೆನೆಸಿದ ಕಾಳನ್ನು ಹಿತುಕುತ್ತಿದ್ದಳು. ಹೆಬ್ಬೆರಳು, ತೋರುಬೆರಳುಗಳ ನಡುವೆ ಒಂದೊತ್ತು. ಬೇಳೆ ಬಟ್ಟಲಿಗೆ, ಸಿಪ್ಪೆ ನೆಲಕ್ಕೆ. ಪಕ್ಕದಲ್ಲಿ ಸೊಸೆ ಅವರೆಕಾಳು, ಸಬ್ಬಸಿಗೆ ಸೊಪ್ಪು ಬೆರೆಸಿದ ಅಕ್ಕಿರೊಟ್ಟಿಯನ್ನು ಕಾವಲಿಗೆ ತಟ್ಟುತ್ತಿದ್ದಳು.

"ಮುಟ್ಟಿ ನೋಡಿ ಬುದ್ಧಿ, ಕೈಗೆ ಹತ್ತಬೇಕು. ಹತ್ತಲಿಲ್ಲ ಅಂದ್ರೆ ಅದು ಮಾಗಡೀದಲ್ಲ" ಎಂದಳು ಮುದುಕಿ.

ರೊಟ್ಟಿಯ ಅಂಚು ಗರಿಗರಿ, ನಡುವೆ ಮೆತ್ತಗೆ, ಕಾಳು ಬೆಣ್ಣೆಯಂತೆ. ಮಿತ್ರರು ಮಾತಿಲ್ಲದೆ ಎರಡನೆಯದಕ್ಕೆ ಕೈ ಚಾಚಿದರು.

"ಹೋದ ವರ್ಷ ದೊಡ್ಡರಸ್ತೆಯಲ್ಲೇ ಇದ್ದಿರಲ್ಲ, ಅಜ್ಜಿ?" ಎಂದೆ.

"ಎಬ್ಬಿಸಿದ್ರು. ಇಲ್ಲಿಗೆ ಹುಡುಕ್ಕೊಂಡು ಬರೋರು ಅರ್ಧ ಜನಾನೂ ಇಲ್ಲ."

ಬೀದಿ ವ್ಯಾಪಾರಿಗಳ ರಕ್ಷಣೆಗೆಂದು 2014ರಲ್ಲಿ ಸಂಸತ್ತು ಕಾನೂನನ್ನೇ ಮಾಡಿದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಕೂಡದು. ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ನಲವತ್ತಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರು. ಇದನ್ನೆಲ್ಲ ತರಗತಿಯಲ್ಲಿ ಹೇಳುವಂತೆ ನಾನು ವಿವರಿಸಿದೆ. ಬೆರಳು ನಿಲ್ಲಿಸದೆಯೇ ಕೇಳಿದಳು ಆಕೆ. ಆಮೇಲೆ ಮಡಿಲ ಚೀಲದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಗುರುತಿನ ಚೀಟಿಯನ್ನು ತೆಗೆದು ನನ್ನ ಮುಂದೆ ಹಿಡಿದಳು.

"ಇದೈತೆ ಬುದ್ಧಿ. ಆವತ್ತೂ ತೋರಿಸ್ದೆ. ಓದಕ್ಕೆ ಅವರಿಗೆ ಪುರುಸೊತ್ತಿರ್ಲಿಲ್ಲ."

ನನ್ನಲ್ಲಿ ಉತ್ತರವಿರಲಿಲ್ಲ. ಮಿತ್ರರು ಎರಡು ಕಿಲೋ ಕಾಯಿ ಕೊಂಡರು, ನಾನೂ ಕೊಂಡೆ. ಮಾರನೆಯ ಬೆಳಿಗ್ಗೆ ಅಧ್ಯಾಪಕರ ಕೊಠಡಿಯಲ್ಲಿ ಅವರು ಬ್ಯಾಂಕಾಕಿನ ಮಾತೆತ್ತಲಿಲ್ಲ. ಹಾಜರಿ ಪುಸ್ತಕವನ್ನು ಬದಿಗಿಟ್ಟು, ತಮ್ಮ ಬೆರಳುಗಳನ್ನು ಮೂಸಿ ನೋಡುತ್ತ, ದೊಡ್ಡರಸ್ತೆಯಿಂದ ಆ ಮೂಲೆಗೆ ಹೋಗುವ ದಾರಿಯನ್ನು ಇತಿಹಾಸದ ಅಧ್ಯಾಪಕರಿಗೆ ಒಂದು ಕಾಗದದ ಮೇಲೆ ಬರೆದುಕೊಡುತ್ತಿದ್ದರು.